ಮಣಿಮೀಸೆಯ ಜಾಲರೆಕ್ಕೆ: ಅಪರೂಪದ ಕೀಟವೊಂದರ ಗುರುತು ಮತ್ತು ನೆಲೆ

ಮೇ ತಿಂಗಳ ಕೊನೆಯಲ್ಲಿ ಮೊದಲ ಮಳೆ ಬಿದ್ದು ನೆಲ ತಂಪಾದ ಸಂಜೆಗಳಲ್ಲಿ ಕೊಚ್ಚಿ, ತಿರುವನಂತಪುರಗಳ ಮನೆಗಳ ಜಗಲಿದೀಪದ ಸುತ್ತ ನೆರೆಯುವ ಕೀಟಸಮೂಹವನ್ನು ಕಾಣದವರು ನಮ್ಮಲ್ಲಿ ವಿರಳ. ಅಂತಸ್ತಿನ ಮನೆಗಳಲ್ಲಿ ವಾಸಿಸುವವರಿಗೂ ಈ ಅತಿಥಿಗಳಿಂದ ಬಿಡುಗಡೆಯಿಲ್ಲ. ರೆಕ್ಕೆ ಉದುರಿಸಿಕೊಂಡು ಹರಿದಾಡುವ ಗೆದ್ದಲು, ಗೋಡೆಗೆ ಅಂಟಿ ಕೂರುವ ಪತಂಗ, ರಬ್ಬರು ತೋಟಗಳ ಬಳಿಯಾದರೆ ಹೆಂಚಿನ ಸಂದಿನಿಂದ ಸಾವಿರಗಟ್ಟಲೆ ಸುರಿಯುವ ಮುಪ್ಲಿ ಎಂಬ ಕರಿದುಂಬಿ, ಇವೆಲ್ಲವೂ ಗೃಹಿಣಿಯ ದೃಷ್ಟಿಯಲ್ಲಿ ಒಂದೇ ಜಾತಿ: ಪೊರಕೆಯಿಂದ ಗುಡಿಸಿ ಹೊರಗೆ ಹಾಕಬೇಕಾದ ಹುಳು. ಆದರೆ ಈ ರಾಶಿಯಲ್ಲಿಯೇ ಎಂದಾದರೊಮ್ಮೆ, ಕಂದು ಬಣ್ಣದ, ಮೈತುಂಬ ರೋಮವಿರುವ, ಒಂದು ಸೆಂಟಿಮೀಟರಿನ ಆಸುಪಾಸಿನ ಪುಟ್ಟ ಜೀವಿಯೊಂದು ಬಂದಿಳಿಯುವುದುಂಟು. ಪತಂಗವೆಂದು ತಿಳಿದು ಅದನ್ನು ಗುಡಿಸಿಬಿಟ್ಟರೆ, ಒಂದೂವರೆ ಶತಮಾನಕ್ಕೂ ಮಿಕ್ಕಿದ ಹುಡುಕಾಟದಲ್ಲಿ ಬೆರಳೆಣಿಕೆಯಷ್ಟೇ ಸಲ ಕೈಗೆ ಸಿಕ್ಕಿರುವ ಒಂದು ಕುಲದ ಸಾಕ್ಷ್ಯವನ್ನು ಗುಡಿಸಿದಂತಾಗಬಹುದು. ಆ ಕುಲಕ್ಕೆ ಶಾಸ್ತ್ರಜ್ಞರು ಇಟ್ಟ ಹೆಸರು ಬೆರೋಥಿಡೀ. ಇಂಗ್ಲಿಷರು ಬೀಡೆಡ್ ಲೇಸ್‌ವಿಂಗ್ ಎನ್ನುತ್ತಾರೆ. ಮಣಿ ಪೋಣಿಸಿದಂತಹ ಮೀಸೆ, ಕಸೂತಿಯ ಜಾಲರಿಯಂತಹ ರೆಕ್ಕೆ ಎಂಬ ಅರ್ಥದಲ್ಲಿ ನಾನು ಇಲ್ಲಿ ಇದನ್ನು ಮಣಿಮೀಸೆಯ ಜಾಲರೆಕ್ಕೆ ಎಂದು ಕರೆದಿದ್ದೇನೆ. ಬಲ್ಲವರು ಇದಕ್ಕಿಂತ ಸೊಗಸಾದ ಹೆಸರು ಸೂಚಿಸಿದರೆ ಸಂತೋಷ.

ಜಾಲರೆಕ್ಕೆಗಳ ಗಣ ದೊಡ್ಡದು. ಪ್ರಪಂಚದಲ್ಲಿ ಸುಮಾರು 6,000 ಪ್ರಭೇದಗಳಿವೆ. ಒಣ ಮರಳಿನಲ್ಲಿ ಆಲಿಕೆಯಾಕಾರದ ಗುಳಿ ತೋಡಿ ಇರುವೆಗಾಗಿ ಹೊಂಚುಹಾಕುವ ಹುಳುವನ್ನು ಬಾಲ್ಯದಲ್ಲಿ ಕಡ್ಡಿಯಿಂದ ಕೆಣಕಿ ಆಡಿದವರು ನಾವೆಲ್ಲ. ಮಲಯಾಳಿಗಳು ಅದನ್ನು ಕುಳಿಯಾನ, ಅಂದರೆ ಗುಳಿಯ ಆನೆ ಎಂದು ಕರೆಯುತ್ತಾರೆ. ಹುಳುವಿನ ಗಾತ್ರಕ್ಕೂ ಹೆಸರಿಗೂ ಇರುವ ಅಂತರ ನಗೆ ತರಿಸುವಂತಹುದು. ಅದು ಈ ಗಣದ್ದೇ ಮರಿ. ರಾತ್ರಿಯ ದೀಪಕ್ಕೆ ಬರುವ, ಚಿನ್ನದಂತೆ ಹೊಳೆಯುವ ಕಣ್ಣಿನ ಹಸಿರು ಜಾಲರೆಕ್ಕೆಯೂ ಇದೇ ಬಳಗ. ಈ ಹಸಿರು ಜಾಲರೆಕ್ಕೆ ರೈತನ ಮಿತ್ರ. ಸಸ್ಯಹೇನುಗಳನ್ನು ತಿನ್ನುವ ಅದರ ಮರಿಗಳನ್ನು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯವರು ಪ್ರಯೋಗಾಲಯದಲ್ಲಿ ಸಾಕಿ ಬೆಳೆಸುವ ವಿಧಾನಗಳನ್ನು ರೂಪಿಸಿದ್ದಾರೆ. 2016ರಲ್ಲಿ ಹೊರದೇಶದಿಂದ ಬಂದು ಕೇರಳ, ತಮಿಳುನಾಡುಗಳ ತೆಂಗಿನ ಗರಿಗಳಿಗೆ ಮುತ್ತಿದ ಸುರುಳಿ ಬಿಳಿನೊಣವನ್ನು ತಿನ್ನಲು ಮುಂದಾದ ನಮ್ಮ ನಾಡಿನ ಜೀವಿಗಳಲ್ಲಿ ಹಸಿರು ಜಾಲರೆಕ್ಕೆಯೂ ಒಂದು.

ಅತ್ತಿಯ ಹೂವನ್ನು ಕಂಡವರಿಲ್ಲ ಎಂದು ನಾವು ಅಪೂರ್ವ ವಸ್ತುವನ್ನು ಕುರಿತು ಹೇಳುತ್ತೇವಷ್ಟೆ. ಚೀನಾ, ಕೊರಿಯಾಗಳ ಬೌದ್ಧರಲ್ಲಿಯೂ ಉದುಂಬರ ಪುಷ್ಪವು ಮೂರು ಸಾವಿರ ವರ್ಷಗಳಿಗೊಮ್ಮೆ ಅರಳುವುದೆಂಬ ನಂಬಿಕೆಯಿದೆ. ಬುದ್ಧವಿಗ್ರಹದ ಮೇಲೆ ಕೂದಲೆಳೆಯಂತಹ ತೊಟ್ಟಿನ ತುದಿಯಲ್ಲಿ ಬಿಳಿಯ ಮೊಗ್ಗುಗಳು ಕಂಡಾಗ ಭಕ್ತರು ಅದೇ ಆ ಹೂವೆಂದು ನೆರೆದದ್ದುಂಟು. ಪರೀಕ್ಷಿಸಿದ ಕೀಟಶಾಸ್ತ್ರಜ್ಞರಿಗೆ ಅವು ಜಾಲರೆಕ್ಕೆಯ ಮೊಟ್ಟೆಗಳಾಗಿ ಕಂಡವು. ತೊಟ್ಟಿನ ಮೇಲೆ ಮೊಟ್ಟೆಯಿಡುವ ಈ ರೂಢಿ ನಮ್ಮ ಮಣಿಮೀಸೆಯ ಬಳಗಕ್ಕೂ ಇದೆ.

ಇನ್ನು ಗುರುತಿನ ವಿಚಾರ. ಮೊದಲ ನೋಟಕ್ಕೆ ಇದು ಪತಂಗವೆಂಬ ಭ್ರಮೆ ಹುಟ್ಟಿಸುತ್ತದೆ. ಪತಂಗದ ರೆಕ್ಕೆಯನ್ನು ಬೆರಳಿನಿಂದ ಮುಟ್ಟಿದರೆ ಪುಡಿ ಅಂಟುತ್ತದೆ, ಮುಖದ ಕೆಳಗೆ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿದ ಹೀರುನಳಿಗೆ ಇರುತ್ತದೆ. ಜಾಲರೆಕ್ಕೆಗೆ ಹೀರುನಳಿಗೆಯಿಲ್ಲ, ಕಚ್ಚುವ ದವಡೆಗಳಿವೆ. ತೊರೆಗಳ ಬಳಿ ಹೇರಳವಾಗಿರುವ ಕ್ಯಾಡಿಸ್ ನೊಣವೂ ರೆಕ್ಕೆಗಳನ್ನು ಮನೆಯ ಮಾಡಿನಂತೆ ಇಳಿಜಾರಾಗಿ ಮಡಿಸಿ ಕೂರುವುದರಿಂದ ಅದನ್ನೂ ಇದನ್ನೂ ಅದಲುಬದಲಾಗಿ ತಿಳಿಯುವುದು ಸುಲಭ. ಆದರೆ ಕ್ಯಾಡಿಸ್ ನೊಣದ ರೆಕ್ಕೆಯಲ್ಲಿ ಅಡ್ಡನರಗಳು ಬಹಳ ಕಡಿಮೆ, ದವಡೆಗಳೂ ಕೆಲಸಕ್ಕೆ ಬಾರದವು. ಮಣಿಮೀಸೆಯ ಮುಂದಿನ ರೆಕ್ಕೆಯ ಹೊರ ಅಂಚನ್ನು ನೋಡಿ. ಅನೇಕ ಪ್ರಭೇದಗಳಲ್ಲಿ ತುದಿಯ ಕೆಳಗೆ ಅದು ಒಳಕ್ಕೆ ಬಾಗಿ ಕುಡುಗೋಲಿನ ಆಕಾರ ತಾಳುತ್ತದೆ. ಮೀಸೆಯ ಬುಡದ ಗಿಣ್ಣು ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಉದ್ದ, ಅನಂತರದವು ಒಂದರ ಮುಂದೊಂದು ಪೋಣಿಸಿದ ಮಣಿಗಳು. ಕೆಲವು ಹೆಣ್ಣುಗಳ ರೆಕ್ಕೆ ಮತ್ತು ಎದೆಯ ಮೇಲೆ ರೋಮವು ಚಪ್ಪಟೆಯಾಗಿ ಹುರುಪೆಯಂತಾಗಿರುತ್ತದೆ. ಪತಂಗದ ಭ್ರಮೆಗೆ ಇದೂ ಒಂದು ಕಾರಣ.

ತೀರ ಹತ್ತಿರದ ಗೊಂದಲವೆಂದರೆ ಕಂದು ಜಾಲರೆಕ್ಕೆಯೊಡನೆ. ಇಲ್ಲಿ ಭೂತಗನ್ನಡಿ ಬೇಕೇ ಬೇಕು. ರೆಕ್ಕೆಯ ಮುಂಭಾಗದಲ್ಲಿ ಹೆದ್ದಾರಿಯಂತೆ ಓಡುವ ಒಂದು ಮುಖ್ಯ ನರವಿದೆ. ಕಂದು ಜಾಲರೆಕ್ಕೆಯಲ್ಲಿ ಈ ಹೆದ್ದಾರಿಯಿಂದಲೇ ಎರಡು, ಮೂರು ಅಥವಾ ಹೆಚ್ಚು ಕವಲುಗಳು ಬೇರೆ ಬೇರೆಯಾಗಿ ಹೊರಡುತ್ತವೆ. ಮಣಿಮೀಸೆಯಲ್ಲಿ ಒಂದೇ ಕವಲು ಹೊರಟು, ಆ ಬಳಿಕ ಅದು ರೆಂಬೆಯೊಡೆಯುತ್ತದೆ. ಈ ಒಂದು ಅಂಶವನ್ನು ತಿಳಿದವನು ಹತ್ತರಲ್ಲಿ ಒಂಬತ್ತು ಸಲ ಕುಟುಂಬವನ್ನು ಸರಿಯಾಗಿ ಗುರುತಿಸಬಲ್ಲ ಎಂಬುದು ನನ್ನ ಅಭಿಪ್ರಾಯ.

ಕುಟುಂಬವನ್ನು ಗುರುತಿಸಿದ ಮಾತ್ರಕ್ಕೆ ಪ್ರಭೇದ ದೊರೆತಂತಾಗಲಿಲ್ಲ. ಒಂದೇ ಬಣ್ಣ, ಒಂದೇ ಗಾತ್ರದ ಎರಡು ಪ್ರಭೇದಗಳನ್ನು ಬೇರ್ಪಡಿಸಬೇಕಾದರೆ ಹೊಟ್ಟೆಯ ತುದಿಯಲ್ಲಿರುವ ಜನನಾಂಗದ ರಚನೆಯನ್ನು ನೋಡದೆ ಗತ್ಯಂತರವಿಲ್ಲ. ಹೊಟ್ಟೆಯ ತುದಿಯನ್ನು ಕ್ಷಾರದ್ರಾವಣದಲ್ಲಿ ನೆನೆಸಿ, ಮಾಂಸಭಾಗ ಕರಗಿ ಗಟ್ಟಿಭಾಗ ಮಾತ್ರ ಉಳಿದಾಗ ಸೂಕ್ಷ್ಮದರ್ಶಕದ ಕೆಳಗಿಟ್ಟು, ಹಿಂದಿನವರು ಬರೆದ ಚಿತ್ರಗಳೊಡನೆ ಹೋಲಿಸುವುದು ಕ್ರಮ. ಇಂದಿನ ಛಾಯಾಚಿತ್ರಗಾರರು ಎಷ್ಟೇ ಸುಂದರವಾದ ಚಿತ್ರ ತೆಗೆದರೂ ಈ ಪರೀಕ್ಷೆಗೆ ಅದು ಬದಲಿಯಾಗಲಾರದು. ಚಿತ್ರ ನಿರುಪಯೋಗಿಯೆಂದು ನಾನು ಹೇಳುವುದಿಲ್ಲ. ಎಲ್ಲಿ ಹುಡುಕಬೇಕೆಂಬುದನ್ನು ಅದು ತೋರಿಸುತ್ತದೆ. ಆದರೆ ಚಿತ್ರ ನೋಡಿದ ಕ್ಷಣದಲ್ಲಿಯೇ ಪೂರ್ಣ ಲ್ಯಾಟಿನ್ ಹೆಸರು ಹೇಳಿಬಿಡುವವರ ವಿಷಯದಲ್ಲಿ ಸ್ವಲ್ಪ ಎಚ್ಚರಿಕೆ ಒಳ್ಳೆಯದು.

ಈ ಕುಟುಂಬಕ್ಕೆ ಹೆಸರು ಕೊಟ್ಟ ಬೆರೋಥ ಎಂಬ ಪಂಗಡದ ಕಥೆ ನಮ್ಮ ದೇಶದಿಂದಲೇ ಆರಂಭವಾಗುತ್ತದೆ. 1860ರಲ್ಲಿ ಫ್ರಾನ್ಸಿಸ್ ವಾಕರ್ ಎಂಬಾತ ಲಂಡನ್ನಿನಲ್ಲಿ ವಿಲ್ಸನ್ ಸಾಂಡರ್ಸ್ ಎಂಬ ವಿಮಾ ವ್ಯವಹಾರಸ್ಥನ ಕೀಟಸಂಗ್ರಹವನ್ನು ಪರಿಶೀಲಿಸಿ ಬೆರೋಥ ಇನ್ಸೋಲಿಟ ಎಂಬ ಹೊಸ ಕೀಟವನ್ನು ವರ್ಣಿಸಿದ. ಇನ್ಸೋಲಿಟ ಎಂದರೆ ಲ್ಯಾಟಿನಿನಲ್ಲಿ ಅಸಾಮಾನ್ಯವಾದದ್ದು. ವಾಕರ್ ಅತಿವೇಗದ ಲೇಖಕ. ಒಂದೇ ಕೀಟಕ್ಕೆ ಎರಡು ಮೂರು ಹೆಸರಿಟ್ಟು ಮುಂದಿನವರಿಗೆ ತಲೆನೋವು ತಂದವನೆಂಬ ಅಪಖ್ಯಾತಿಯೂ ಆತನಿಗೆ ಉಂಟು. ಆದರೆ ಈ ಹೆಸರು ಉಳಿಯಿತು. ಉಳಿಯದೆ ಹೋದದ್ದು ಊರು. ಕೀಟ ಎಲ್ಲಿಯದೆಂಬ ಬಗ್ಗೆ ಆತ ಕೊಟ್ಟ ಮಾಹಿತಿ ಒಂದೇ ಮಾತು: ಹಿಂದೂಸ್ಥಾನ. ಹಿಮಾಲಯದ ತಪ್ಪಲೋ, ಬಂಗಾಳದ ಬಯಲೋ, ಮಲಬಾರಿನ ಕಾಡೋ, ಮೈಸೂರಿನ ತೋಪೋ, ಈ ಮಾತಿನಿಂದ ಏನೂ ತಿಳಿಯುವುದಿಲ್ಲ. ಪತ್ರದ ಮೇಲೆ ‘ಭಾರತ’ ಎಂದಷ್ಟೇ ವಿಳಾಸ ಬರೆದು ಅಂಚೆಪೆಟ್ಟಿಗೆಗೆ ಹಾಕಿದ ಹಾಗೆ.

ಇದಕ್ಕೆ ಪ್ರತಿಯಾಗಿ ಇಪ್ಪತ್ತನೆಯ ಶತಮಾನದಲ್ಲಿ ಕಾರೈಕಾಲಿನ ಬಳಿಯ ಕುರುಂಬಗರಂ ಎಂಬ ಹಳ್ಳಿಯ ಪಿ. ಸೂಸೈ ನಾಥನ್ ಅವರನ್ನು ನೆನೆಯಬೇಕು. ಇವರು ವಾಳಯಾರಿನ ಕಾಡು, ಆನೆಮಲೆ ಮುಂತಾದೆಡೆ ಕೀಟಗಳನ್ನು ಸಂಗ್ರಹಿಸಿ ಲೋಕದ ಅನೇಕ ಸಂಗ್ರಹಾಲಯಗಳಿಗೆ ಕಳುಹಿಸಿದರು. ಅವರ ಪ್ರತಿಯೊಂದು ಮಾದರಿಯ ಸೂಜಿಯ ಕೆಳಗೂ ಒಂದು ಪುಟ್ಟ ಚೀಟಿ: ಪ್ರಾಂತ, ಬೆಟ್ಟ, ಸ್ಥಳ, ಸಮುದ್ರಮಟ್ಟದಿಂದ ಎಷ್ಟು ಅಡಿ ಎತ್ತರ, ತಿಂಗಳು, ವರ್ಷ, ಸಂಗ್ರಹಿಸಿದವರ ಹೆಸರು. ಇಂದು ದಕ್ಷಿಣ ಭಾರತದ ಎಷ್ಟೋ ಕೀಟಗಳ ನೆಲೆಯನ್ನು ನಕ್ಷೆಯ ಮೇಲೆ ಗುರುತಿಸಲು ಸಾಧ್ಯವಾಗಿರುವುದು ಆ ಚೀಟಿಗಳಿಂದ. ಮಾದರಿ ಹಾಳಾದರೂ ಚೀಟಿಗೆ ಬೆಲೆಯಿದೆ, ಚೀಟಿ ಕಳೆದ ಮಾದರಿ ಅನಾಥ.

ನಕ್ಷೆ ಎಂದೊಡನೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅಪರೂಪದ ಕೀಟವೊಂದರ ನಕ್ಷೆಯಲ್ಲಿ ಚುಕ್ಕೆಗಳು ರಸ್ತೆಯ ಇಕ್ಕೆಲಗಳಲ್ಲಿ, ಕಾಲೇಜುಗಳ ಸಮೀಪ, ಅರಣ್ಯ ಬಂಗಲೆಗಳ ಸುತ್ತ ಗುಂಪಾಗಿರುವುದನ್ನು ಕಾಣುತ್ತೇವೆ. ಕೀಟಕ್ಕೆ ಕಾಲೇಜಿನ ಮೇಲೆ ವಿಶೇಷ ಪ್ರೀತಿಯೇನಿಲ್ಲ. ಹುಡುಕುವವರು ಅಲ್ಲಿದ್ದರು, ಅಷ್ಟೆ. ಆದ್ದರಿಂದ ಬಿಳಿಯಾಗಿ ಉಳಿದ ಜಾಗಕ್ಕೆ ಎರಡು ಅರ್ಥಗಳಿವೆ: ಹುಡುಕಿಯೂ ಸಿಗಲಿಲ್ಲ, ಅಥವಾ ಯಾರೂ ಹುಡುಕಲೇ ಇಲ್ಲ. ಈ ಎರಡನ್ನು ಬೇರ್ಪಡಿಸಲು ಕೇರಳದ ಪಕ್ಷಿಪ್ರೇಮಿಗಳು 2015ರಿಂದ 2020ರ ವರೆಗೆ ಮಾಡಿದ ಕೆಲಸ ಅನುಕರಣೀಯ. ಇಡೀ ರಾಜ್ಯವನ್ನು ಚೌಕಗಳಾಗಿ ವಿಂಗಡಿಸಿ, ಆಯ್ದ ಸುಮಾರು 4,000 ಚೌಕಗಳಲ್ಲಿ ವರ್ಷಕ್ಕೆ ಎರಡು ಋತುಗಳಲ್ಲಿ ಒಂದೇ ಕ್ರಮದಿಂದ ಎಣಿಸಿದರು. ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಸೇರಿ 361 ಪ್ರಭೇದಗಳ ಸುಮಾರು ಮೂರು ಲಕ್ಷ ದಾಖಲೆಗಳನ್ನು ಕಲೆಹಾಕಿದರು. ಹಕ್ಕಿ ಇಲ್ಲದ ಚೌಕವೂ ಅಲ್ಲಿ ಒಂದು ಮಾಹಿತಿ. ಕೀಟಗಳಿಗೆ ಇಂತಹ ಭಾಗ್ಯ ಇನ್ನೂ ಒದಗಿಲ್ಲ.

ಹಾಗೆಂದು ಕೇರಳದಲ್ಲಿ ಜಾಲರೆಕ್ಕೆಗಳನ್ನು ಹುಡುಕುವವರು ಇಲ್ಲದಿಲ್ಲ. ಕೊಚ್ಚಿಗೂ ತ್ರಿಶೂರಿಗೂ ನಡುವಣ ಇರಿಞಾಲಕುಡದ ಕ್ರೈಸ್ಟ್ ಕಾಲೇಜಿನ ಷಡ್ಪದ ಎಂಬ ಕೀಟ ಸಂಶೋಧನಾಲಯದವರು ಇತ್ತೀಚಿನ ವರ್ಷಗಳಲ್ಲಿ ಈ ಗಣವನ್ನು ವಿಶೇಷವಾಗಿ ಅಭ್ಯಸಿಸಿದ್ದಾರೆ. ಶ್ರೀಲಂಕೆಗೆ ಮಾತ್ರ ಸೀಮಿತವೆಂದು ತಿಳಿಯಲಾಗಿದ್ದ ಗ್ಲೆನೋಕ್ರೈಸ ಜೈಲಾನಿಕ ಎಂಬ ಜಾಲರೆಕ್ಕೆ ಕೇರಳದಲ್ಲಿಯೂ ಇದೆಯೆಂದು ತೋರಿಸಿಕೊಟ್ಟವರು ಇವರೇ. ಲಂಕೆಗೂ ಪಶ್ಚಿಮಘಟ್ಟದ ದಕ್ಷಿಣ ತುದಿಗೂ ಹವೆ, ಮಳೆ, ಕಾಡುಗಳಲ್ಲಿ ನಂಟು ಇರುವುದರಿಂದ ಇದು ಆಶ್ಚರ್ಯವಲ್ಲ. ತಿರುವನಂತಪುರದಿಂದ ಸುಮಾರು 60 ಕಿಲೋಮೀಟರು ದೂರದ ಪೊನ್ಮುಡಿ, ಅದರಾಚೆ 1,868 ಮೀಟರ್ ಎತ್ತರದ ಅಗಸ್ತ್ಯಮಲೆ, ಇವೆರಡೂ ಇಂತಹ ಶೋಧಕ್ಕೆ ಚಿನ್ನದ ಗಣಿಗಳು. ಕೊಚ್ಚಿಯವರಿಗೆ ಅಷ್ಟು ದೂರದ ಪ್ರಯಾಣವೂ ಬೇಡ. ಹೈಕೋರ್ಟಿನ ಹಿಂಬದಿಯಲ್ಲಿರುವ ಮಂಗಳವನ, ಪೆರುಂಬಾವೂರಿನ ಬಳಿಯ ಇರಿಂಗೋಳ್ ಕಾವು, ಎಲ್ಲಕ್ಕಿಂತ ಮಿಗಿಲಾಗಿ ಹಳೆಯ ತರವಾಡುಗಳ ಮೂಲೆಯಲ್ಲಿ ಉಳಿದಿರುವ ಸರ್ಪಕಾವುಗಳು ಇವೆ. ನಮ್ಮ ದಕ್ಷಿಣ ಕನ್ನಡದ ನಾಗಬನ, ಕೊಡಗಿನ ದೇವರಕಾಡುಗಳನ್ನು ಕಂಡವರಿಗೆ ಕಾವು ಹೊಸದೆನಿಸದು. ಕೊಡಲಿ, ಸಿಂಪರಣೆಯ ಯಂತ್ರ ಎರಡೂ ಒಳಹೊಗದ ಜಾಗಗಳು ನಗರದಲ್ಲಿ ಇನ್ನೆಷ್ಟಿವೆ?

ಇದರ ಮರಿಗಳ ಜೀವನವನ್ನು ವಿವರವಾಗಿ ಬಲ್ಲದ್ದು ಮುಖ್ಯವಾಗಿ ಉತ್ತರ ಅಮೆರಿಕದ ಲೊಮಾಮಿಯ ಎಂಬ ಪಂಗಡದಿಂದ. ಅದರ ಮರಿ ಗೆದ್ದಲಿನ ಗೂಡಿನಲ್ಲಿ ವಾಸಿಸುತ್ತದೆ, ಗೆದ್ದಲನ್ನೇ ತಿನ್ನುತ್ತದೆ. ತನಗಿಂತ ಎಷ್ಟೋ ಪಟ್ಟು ದೊಡ್ಡದಾದ ಗೆದ್ದಲನ್ನು ಅದು ಕೊಲ್ಲುವ ಬಗೆ ವಿಚಿತ್ರ. 1981ರಲ್ಲಿ ನೇಚರ್ ಪತ್ರಿಕೆಯಲ್ಲಿ ಜಾನ್ಸನ್ ಮತ್ತು ಹೇಗನ್ ಎಂಬ ಶಾಸ್ತ್ರಜ್ಞರು ವರದಿ ಮಾಡಿದಂತೆ, ಮರಿಯು ಗೆದ್ದಲಿನ ಬಳಿಗೆ ಬಂದು ತನ್ನ ಹೊಟ್ಟೆಯ ತುದಿಯನ್ನು ಅದರ ತಲೆಯ ಹತ್ತಿರ ಆಡಿಸುತ್ತದೆ. ಮುಟ್ಟುವುದಿಲ್ಲ, ಕಚ್ಚುವುದಿಲ್ಲ. ಒಂದರಿಂದ ಮೂರು ನಿಮಿಷದೊಳಗೆ ಗೆದ್ದಲು ನಿಶ್ಚಲವಾಗಿ, ಜೀವವಿದ್ದೂ ಚಲನೆ ಕಳೆದುಕೊಂಡು ಬೀಳುತ್ತದೆ. ಮರಿ ಆಮೇಲೆ ನಿಧಾನವಾಗಿ ಅದನ್ನು ಹೀರುತ್ತದೆ. ಬೆಳೆದ ಮರಿ ಒಂದೇ ಸಲಕ್ಕೆ ಆರು ಗೆದ್ದಲುಗಳನ್ನು ಕೆಡವಬಲ್ಲದು. ಕಾರಣ, ಗುದದ್ವಾರದಿಂದ ಹೊರಬರುವ ಒಂದು ಆವಿ. ಹಾಸ್ಯಪ್ರಿಯರು ಏನು ಹೇಳುವರೆಂಬುದನ್ನು ಓದುಗರೇ ಊಹಿಸಬಹುದು. ಗಂಭೀರವಾದ ಸಂಗತಿಯೆಂದರೆ, ಅದೇ ಪಾತ್ರೆಯಲ್ಲಿಟ್ಟ ಬೇರೆ ಸಣ್ಣ ಕೀಟಗಳಿಗೆ ಆ ಆವಿಯಿಂದ ಯಾವ ತೊಂದರೆಯೂ ಆಗಲಿಲ್ಲ. ಶತ್ರುವನ್ನಷ್ಟೇ ತಾಕುವ ವಿಷ! ಮರಿಯ ಬೆಳವಣಿಗೆಯಲ್ಲಿ ಮೂರು ಹಂತಗಳಿದ್ದು, ನಡುವಣ ಹಂತದಲ್ಲಿ ಅದು ಏನನ್ನೂ ತಿನ್ನದೆ ತೂಗುಹಾಕಿಕೊಂಡು ವಿಶ್ರಮಿಸುವುದು ಇನ್ನೊಂದು ಸೋಜಿಗ.

ಈ ಸ್ಮರಣ ಸಂಚಿಕೆಯ ಆರೋಗ್ಯ ಲೇಖನಗಳ ನಡುವೆ ಕೀಟದ ಮಾತೇಕೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಗೆದ್ದಲನ್ನು ಕೊಲ್ಲಲು ಮಾನವನು ಬಳಸುವ ವಿಷಕ್ಕೆ ಇಂತಹ ವಿವೇಚನೆಯಿಲ್ಲ. ಮಲಯಾಳಿಗಳು ಚಿತಲ್ ಎನ್ನುವ ಗೆದ್ದಲಿನ ಕಾಟ ಈ ತೇವದ ನಾಡಿನಲ್ಲಿ ಸಾಮಾನ್ಯವಲ್ಲ, ಮರದ ಬಾಗಿಲು, ಪುಸ್ತಕ, ತಾಳೆಗರಿ ಯಾವುದನ್ನೂ ಬಿಡದು. ಆದ್ದರಿಂದ ಹೊಸ ಮನೆ ಕಟ್ಟುವಾಗ ತಳಪಾಯದ ಮಣ್ಣಿಗೆ ಗೆದ್ದಲುನಾಶಕ ಸುರಿಸುವುದು ರೂಢಿ. ಹಿಂದೆ ಇದಕ್ಕೆ ಬಳಸುತ್ತಿದ್ದ ಆಲ್ಡ್ರಿನ್ ದಶಕಗಳ ಕಾಲ ಮಣ್ಣಿನಲ್ಲಿ ಉಳಿಯುವುದೆಂದು ತಿಳಿದು 1996ರಲ್ಲಿ ನಮ್ಮ ದೇಶ ಅದನ್ನು ನಿಷೇಧಿಸಿತು. ಆಮೇಲೆ ಬಳಕೆಗೆ ಬಂದ ಕ್ಲೋರ್‌ಪೈರಿಫಾಸ್ ನರಗಳ ಕ್ರಿಯೆಯನ್ನು ಕೆಡಿಸುವ ರಂಜಕಯುಕ್ತ ವಿಷ. 2025ರಲ್ಲಿ ಸ್ಟಾಕ್‌ಹೋಂ ಒಪ್ಪಂದದ ರಾಷ್ಟ್ರಗಳು ಕೆಲವು ವಿನಾಯಿತಿಗಳೊಡನೆ ಅದನ್ನೂ ನಿರ್ಮೂಲನ ಪಟ್ಟಿಗೆ ಸೇರಿಸಿದವು. ಕೇರಳದಲ್ಲಿ ಮನೆಗೊಂದು ಬಾವಿ ಇರುವುದು ಎಲ್ಲರೂ ಬಲ್ಲ ಸಂಗತಿ. ತಳಪಾಯಕ್ಕೂ ಬಾವಿಗೂ ಹಲವು ವೇಳೆ ಹತ್ತೆಂಟು ಮೊಳ ಅಂತರವೂ ಇರುವುದಿಲ್ಲ. ನಿವೇಶನ ಕೊಂಡು ಮನೆ ಕಟ್ಟಿಸುವ ನಮ್ಮವರು ಔಷಧ ಹಾಕುವ ಗುತ್ತಿಗೆದಾರನನ್ನು ಮೂರು ಪ್ರಶ್ನೆ ಕೇಳಲೇಬೇಕು: ಯಾವ ಔಷಧ, ಎಷ್ಟು ಪ್ರಮಾಣ, ಬಾವಿಯಿಂದ ಎಷ್ಟು ದೂರ. ಮಳೆ ಬರುವ ದಿನ ಹಾಕಲು ಬಿಡಬಾರದು. ಕೆಲಸಗಾರನಿಗೆ ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ಮಾಂಸಖಂಡಗಳ ಅದಿರು, ಉಸಿರಾಟದ ಕಷ್ಟ ಕಂಡರೆ ಔಷಧದ ಡಬ್ಬಿಯ ಚೀಟಿಯ ಸಮೇತ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಗೋಡೆಯ ಸೋರಿಕೆ ನಿಲ್ಲಿಸುವುದು, ಮರದ ಚೂರುಗಳನ್ನು ನೆಲದಲ್ಲಿ ಹೂಳದಿರುವುದು, ಮಣ್ಣಿನ ಕೊಳವೆ ಕಂಡೊಡನೆ ಕೆರೆದು ತೆಗೆಯುವುದು, ಇವು ಯಾರಿಗೂ ಕೇಡಿಲ್ಲದ ಉಪಾಯಗಳು.

ಕೀಟಗಳು ಮೊದಲು, ಮನುಷ್ಯರು ಆಮೇಲೆ ಎಂಬ ಕ್ರಮವನ್ನು ನಮ್ಮ ಕನ್ನಡಿಗರೇ ಕಾಸರಗೋಡಿನಲ್ಲಿ ಕಣ್ಣಾರೆ ಕಂಡರು. 1970ರ ದಶಕದಿಂದ 2000ದ ವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯಿತಿಯ ಪಡ್ರೆ ಮುಂತಾದ ಕನ್ನಡ, ತುಳು ಮಾತಿನ ಹಳ್ಳಿಗಳಲ್ಲಿ ಜೇನ್ನೊಣಗಳು ಇಲ್ಲವಾದುದನ್ನು ಜನರು ಗಮನಿಸಿದರು. ಅಂಗವಿಕಲ ಕರುಗಳು ಹುಟ್ಟಿದುದನ್ನು ಕೃಷಿಕ ಪತ್ರಕರ್ತ ಶ್ರೀ ಪಡ್ರೆಯವರು 1980ರ ದಶಕದ ಆರಂಭದಲ್ಲಿಯೇ ಬರೆದರು. ಅದೇ ಊರಿನಲ್ಲಿ ವೃತ್ತಿನಿರತರಾಗಿದ್ದ ಡಾ. ವೈ. ಎಸ್. ಮೋಹನಕುಮಾರ್ ಅವರು ರೋಗಿಗಳಲ್ಲಿ ಅಸಹಜ ಕಾಯಿಲೆಗಳನ್ನು ಕಂಡು ಎಚ್ಚರಿಸಿದರು. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರ ಮೇ ತಿಂಗಳಿನಲ್ಲಿ. ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಅದೇ ನ್ಯಾಯಾಲಯ ಆಜ್ಞಾಪಿಸಿದ್ದು 2017ರಲ್ಲಿ. ಜೇನು ಮರೆಯಾದ ವರ್ಷಕ್ಕೂ ಈ ವರ್ಷಗಳಿಗೂ ಇರುವ ಅಂತರವನ್ನು ಲೆಕ್ಕ ಹಾಕಿ ನೋಡಿ. ಹಿಂದೆ ಯಾವ ಕೀಟ ಎಲ್ಲಿತ್ತೆಂಬ ನಕ್ಷೆ ಇದ್ದಲ್ಲಿ ಮಾತ್ರ, ಈಗ ಏನು ಕಾಣೆಯಾಗಿದೆಯೆಂದು ಅಧಿಕಾರಿಗಳ ಮುಂದೆ ರುಜುವಾತುಪಡಿಸಲು ಸಾಧ್ಯ.

ದೀಪದ ಬಳಿ ಕೀಟ ನೋಡುವವರಿಗೆ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ತಪ್ಪಾದೀತು. ಕಿತ್ತಳೆ ಮತ್ತು ಕಪ್ಪು ಪಟ್ಟೆಗಳ, ಉದ್ದನೆಯ ಇರುವೆಯಂತೆ ತೋರುವ ಪೆಡೆರಸ್ ಎಂಬ ದುಂಬಿಯೂ ಮಳೆಗಾಲದಲ್ಲಿ ಬರುತ್ತದೆ. 2022ರ ಜುಲೈಯಲ್ಲಿ ಕೊಚ್ಚಿಯ ಕಾಕ್ಕನಾಡಿನ ಸುತ್ತ ಇದರ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅದು ಕಚ್ಚುವುದಿಲ್ಲ. ಮೈಮೇಲೆ ಕೂತಾಗ ಉಜ್ಜಿ ಕೊಂದರೆ ಅದರ ದೇಹದ ಪೆಡೆರಿನ್ ಎಂಬ ದ್ರವ ತಾಗಿ, ಒಂದೆರಡು ದಿನಗಳಲ್ಲಿ ಉರಿಯುವ ಗುಳ್ಳೆಗಳೇಳುತ್ತವೆ. ಊದಿ ಅಥವಾ ಕಾಗದದ ತುಂಡಿನಿಂದ ಎತ್ತಿ ಬಿಡಿ. ತಾಗಿದ ಜಾಗವನ್ನು ಸಾಬೂನು, ನೀರಿನಿಂದ ತೊಳೆಯಿರಿ. ಆ ಕೈಯಿಂದ ಕಣ್ಣು ಮುಟ್ಟಬೇಡಿ. ಮಣಿಮೀಸೆಯಾದರೋ ಮನುಷ್ಯನಿಗೆ ಸಂಪೂರ್ಣ ನಿರಪಾಯಕಾರಿ.

ನೋಡುವ ಕ್ರಮ ಸುಲಭ. ಅಮಾವಾಸ್ಯೆಯ ಆಸುಪಾಸಿನ, ಗಾಳಿಯಿಲ್ಲದ, ಮಳೆ ಬಿಟ್ಟ ರಾತ್ರಿ ಏಳರಿಂದ ಹತ್ತರವರೆಗೆ ಒಂದು ಬಿಳಿಯ ಪಂಚೆಯನ್ನು ಕಟ್ಟಿ ಮುಂದೆ ಪ್ರಖರವಾದ ದೀಪವಿಡಬೇಕು. ಬಂದ ಕೀಟದ ಬೆನ್ನು, ಪಕ್ಕ, ಮುಖ ಮೂರನ್ನೂ ಚಿತ್ರಿಸಿಕೊಳ್ಳಬೇಕು. ರೆಕ್ಕೆಯ ನರಗಳು ಕಾಣುವಂತೆ ಹಿಂದಿನಿಂದ ಬೆಳಕು ಬಿದ್ದರೆ ಉತ್ತಮ. ಅಭಯಾರಣ್ಯಗಳಲ್ಲಿ ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಒಂದು ಹುಳುವನ್ನೂ ಹಿಡಿಯುವಂತಿಲ್ಲ. ಸ್ವಂತ ಜಗಲಿಯಲ್ಲಿ ಸತ್ತು ಬಿದ್ದದ್ದು ದೊರೆತರೆ ಪುಟ್ಟ ಸೀಸೆಯಲ್ಲಿ ಮದ್ಯಸಾರದಲ್ಲಿಟ್ಟು, ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೋ, ತಿರುವನಂತಪುರದವರು ವೆಳ್ಳಾಯಣಿಯ ಕೃಷಿ ಕಾಲೇಜಿಗೋ ಮುಟ್ಟಿಸಬಹುದು. ಸೀಸೆಯೊಳಗೆ ಚೀಟಿ ಇರಲಿ. ಶಾಯಿಯ ಪೆನ್ನಿನಿಂದ ಬರೆದರೆ ಮದ್ಯಸಾರದಲ್ಲಿ ಅಳಿಸಿಹೋಗುತ್ತದೆ, ಸೀಸದಕಡ್ಡಿಯಿಂದ ಬರೆಯಿರಿ: ಊರು, ಬೀದಿ, ಎಷ್ಟನೆಯ ಅಂತಸ್ತು, ತಾರೀಖು, ಗಂಟೆ, ದೀಪದ ಬಗೆ, ನಿಮ್ಮ ಹೆಸರು.